ದಿನಾಂಕವಿಲ್ಲದ ಕಾಯುವಿಕೆ

ಬೆಂಗಳೂರಿನಿಂದ ನೆಲಮಂಗಲದ ಕಡೆ ಹೋದರೆ ಸೊಂಡೆಕೊಪ್ಪ ಸಿಗುತ್ತದೆ. ಮೊದಲು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಆಗಿದ್ದ ಅಲ್ಲಿನ ಕಟ್ಟಡ ಈಗ ವಿದೇಶಿಯರ ಬಂಧನ ಕೇಂದ್ರ. ವೀಸಾ ಮುಗಿದ ಮೇಲೂ ಉಳಿದವರು, ದಾಖಲೆ ಇಲ್ಲದೆ ಬಂದವರು, ಶಿಕ್ಷೆ ಮುಗಿದರೂ ಊರಿಗೆ ಹೋಗಲಾಗದವರು ಇಂಥ ಕಡೆ ಇರುತ್ತಾರೆ. "ಅವರಿಗೆ ಕೌನ್ಸೆಲಿಂಗ್ ಬೇರೆ ಬೇಕಾ?" ಅಂತ ಕೇಳುವವರಿದ್ದಾರೆ. ಖಂಡಿತ ಬೇಕು. ಆದರೆ ಅದಕ್ಕಿಂತ ಮೊದಲು ಬೇಕಾದದ್ದು ಇನ್ನೊಂದಿದೆ.

ಜೈಲಿನಲ್ಲಿ ಶಿಕ್ಷೆ ಅನುಭವಿಸುವವರು ದಿನ ಎಣಿಸಬಹುದು. ಇವರಿಗೆ ಎಣಿಸಲು ದಿನಾಂಕವೇ ಇಲ್ಲ. ಇವರು ತಮ್ಮವರು ಅಂತ ಅವರ ದೇಶದ ರಾಯಭಾರ ಕಚೇರಿ ಒಪ್ಪಬೇಕು, ಪ್ರಯಾಣದ ಕಾಗದ ಕೊಡಬೇಕು, ಇಲ್ಲಿನ ಕೇಸ್ ಮುಗಿಯಬೇಕು. ಯಾವುದೂ ಅವರ ಕೈಯಲ್ಲಿಲ್ಲ. ಒಬ್ಬರು ರಾತ್ರಿ ಪ್ಯಾಂಟು ಶರಟಿನಲ್ಲೇ ಮಲಗುತ್ತಿದ್ದರು, ಬ್ಯಾಗ್ ತಲೆಯ ಪಕ್ಕದಲ್ಲೇ. ಯಾವ ಹೊತ್ತಿನಲ್ಲಿ ಹೆಸರು ಕೂಗುತ್ತಾರೋ ಅನ್ನುವ ಆತಂಕ. ಗೇಟಿನ ಸದ್ದಾದರೆ ಎದ್ದು ಕೂರುತ್ತಿದ್ದರು. ಇಂಥವರಿಗೆ ಬರೀ ನಿದ್ದೆ ಮಾತ್ರೆ ಬರೆದುಕೊಟ್ಟು ಕೈತೊಳೆದುಕೊಂಡರೆ ಏನು ಉಪಯೋಗ?

ಅದಕ್ಕೇ ಇವರಿಗೆ ಮೊದಲು ಬೇಕಾದದ್ದು ಮಾಹಿತಿ. ವಾರಕ್ಕೊಮ್ಮೆ, ಗೊತ್ತುಪಡಿಸಿದ ದಿನ, ಒಬ್ಬರೇ ಅಧಿಕಾರಿ ಬಂದು ಕೇಸ್ ಎಲ್ಲಿಗೆ ಬಂತು ಅಂತ ಹೇಳಲಿ. ಏನೂ ಆಗಿಲ್ಲದಿದ್ದರೆ ಅದನ್ನೇ ಹೇಳಲಿ. "ನಾಳೆ ನೋಡೋಣ" ಅನ್ನುವ ಸಮಾಧಾನದ ಮಾತು ಮಾತ್ರ ಬೇಡ. ಅದನ್ನು ನಂಬಿ ಅವರು ನಿಜವಾಗಿಯೂ ನಾಳೆಗೆ ಕಾಯುತ್ತಾರೆ. ಎರಡನೆಯದು ಫೋನ್. ಮನೆಯವರು ಬದುಕಿದ್ದಾರಾ, ಮಕ್ಕಳು ಊಟ ಮಾಡಿದರಾ ಅಂತ ಗೊತ್ತಾಗದೆ ಯಾವ ಚಿಕಿತ್ಸೆಯೂ ನಾಟುವುದಿಲ್ಲ.

ಕೌನ್ಸೆಲಿಂಗ್‌ಗೆ ಕೂತಾಗ ಮಾತಾಡಿಸುವ ರೀತಿಯೂ ಮುಖ್ಯ. ಹೆಸರೇನು, ಯಾವ ಊರು, ಯಾಕೆ ಬಂದಿರಿ ಅಂತ ಶುರು ಮಾಡಿದರೆ ಅದು ಥೇಟ್ ಪೊಲೀಸ್ ವಿಚಾರಣೆಯ ಹಾಗೇ ಕೇಳಿಸುತ್ತದೆ. ನಾನು ಯಾರು, ಯಾವ ಮಾತು ನನ್ನಲ್ಲೇ ಉಳಿಯುತ್ತದೆ, ಜೀವಕ್ಕೆ ಅಪಾಯವಿದ್ದರೆ ಯಾವುದನ್ನು ಹೇಳಲೇಬೇಕಾಗುತ್ತದೆ ಅನ್ನುವುದನ್ನು ಮೊದಲೇ ತಿಳಿಸುತ್ತೇನೆ. ಬಿಡುಗಡೆ ನನ್ನ ಕೈಯಲ್ಲಿಲ್ಲ ಅಂತಲೂ ಹೇಳುತ್ತೇನೆ. ಕಷ್ಟದ ಮಾತು, ಆದರೆ ಸುಳ್ಳು ಭರವಸೆ ಇನ್ನೂ ಜಾಸ್ತಿ ನೋಯಿಸುತ್ತದೆ, ಅಲ್ವಾ? ಅನುವಾದಕ್ಕೆ ಪಕ್ಕದ ಹಾಸಿಗೆಯವರನ್ನು ಕರೆಯಬಾರದು. ಅತ್ಯಾಚಾರ, ಹೊಡೆತ, ಸಾಲದಂಥ ವಿಷಯಗಳನ್ನು ದಿನವೂ ಮುಖ ನೋಡಬೇಕಾದವರ ಮುಂದೆ ಯಾರು ಹೇಳಿಯಾರು? ಹೊರಗಿನ ದುಭಾಷಿ ಫೋನಿನ ಸ್ಪೀಕರ್‌ನಲ್ಲಿ ಸಿಕ್ಕರೂ ಸಾಕು.

ಗಡೀಪಾರಿನ ಆದೇಶ ಬಂದಾಗ, ಅರ್ಜಿ ತಿರಸ್ಕಾರವಾದಾಗ, ಮನೆಯಿಂದ ಸಾವಿನ ಸುದ್ದಿ ಬಂದಾಗ ಕಾವಲು ಸಿಬ್ಬಂದಿ ವಿಶೇಷವಾಗಿ ಗಮನವಿಡಬೇಕು. ಊಟ ಬಿಡುವುದು, ತಮ್ಮ ವಸ್ತು ಹಂಚಿಬಿಡುವುದು ಕಂಡರೆ ಅದನ್ನು ಹಟ ಅಂದುಕೊಳ್ಳದೆ ಕೂಡಲೇ ವೈದ್ಯರಿಗೆ ಹೇಳಬೇಕು. "ಸಾಯಬೇಕು ಅನಿಸುತ್ತಿದೆಯಾ?" ಅಂತ ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೇಳಬೇಕು.

2017ರ ಮಾನಸಿಕ ಆರೋಗ್ಯ ಕಾಯ್ದೆ ಸರ್ಕಾರಿ ಚಿಕಿತ್ಸೆ ಪಡೆಯುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ, ಪೌರತ್ವದ ಷರತ್ತು ಹಾಕಿಲ್ಲ. ಜೀವ ಮತ್ತು ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ 21ನೇ ವಿಧಿಯ ರಕ್ಷಣೆಯೂ ವಿದೇಶಿಯರಿಗಿದೆ. ನಮ್ಮೂರಿನಲ್ಲೇ ನಿಮ್ಹಾನ್ಸ್ ಇದೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಆದರೆ ಕೈಗೆ ಫೋನ್ ಸಿಗದವರಿಗೆ ಸಹಾಯವಾಣಿ ಇದ್ದೂ ಇಲ್ಲದ ಹಾಗೆ. ವಾರಕ್ಕೊಂದು ದಿನವಾದರೂ ಮನೋವೈದ್ಯರು ಕೇಂದ್ರಕ್ಕೇ ಹೋಗಬೇಕು.

ಇನ್ನೊಂದು ವಿಷಯ ಎಲ್ಲರೂ ಮರೆಯುತ್ತಾರೆ. ವಿಮಾನ ಹತ್ತಿಸುವ ದಿನ ಗಡಿಬಿಡಿಯಲ್ಲಿ ಮಾತ್ರೆಯ ಚೀಟಿ ಕೇಂದ್ರದ ಫೈಲಿನಲ್ಲೇ ಉಳಿದುಬಿಡುತ್ತದೆ. ಖಿನ್ನತೆಯ ಕೆಲವು ಔಷಧಿಗಳನ್ನು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ, ನಿದ್ದೆಗೇಡು ಕಾಡುತ್ತವೆ. ಔಷಧಿಯ ಮೂಲ ಹೆಸರು (ಕಂಪನಿಯ ಬ್ರ್ಯಾಂಡ್ ಹೆಸರಲ್ಲ), ಪ್ರಮಾಣ, ಯಾವಾಗಿನಿಂದ ಕೊಡುತ್ತಿದ್ದೇವೆ ಅನ್ನುವುದನ್ನು ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದು, ಒಂದು ತಿಂಗಳ ಮಾತ್ರೆಯ ಜೊತೆ ಅವರ ಕೈಗೇ ಕೊಡಿ. ಆ ಹಾಳೆಯನ್ನು ಗಡೀಪಾರಿನ ದಿನ ಗೊತ್ತಾಗುವ ಮೊದಲೇ ತಯಾರು ಮಾಡಿಡಿ.