ಕಿಡ್ನಿ ಗಡ್ಡೆಗೆ ಸೂಜಿ: ಹೆದರಬೇಕಾದ್ದು ಯಾವುದಕ್ಕೆ?

ಹೊಟ್ಟೆನೋವೆಂದು ಸ್ಕ್ಯಾನಿಂಗ್ ಮಾಡಿಸಿದಾಗ ಕಿಡ್ನಿಯಲ್ಲಿ 3 ಸೆಂಟಿಮೀಟರಿನ ಗಡ್ಡೆ ಕಾಣುತ್ತದೆ. ಡಾಕ್ಟರು ಬಯಾಪ್ಸಿ (ಸೂಜಿಯಿಂದ ಗಡ್ಡೆಯ ಸಣ್ಣ ತುಣುಕು ತೆಗೆದು ಪರೀಕ್ಷಿಸುವುದು) ಅಂದೊಡನೆ ಮನೆಯವರದು ಒಂದೇ ಮಾತು: "ಸೂಜಿ ಚುಚ್ಚಿಸಬೇಡಿ, ಹರಡಿಬಿಡುತ್ತೆ." ಈ ಭಯ ಪೂರ್ತಿ ಸುಳ್ಳಲ್ಲ. ಸೂಜಿ ಹೋದ ದಾರಿಯಲ್ಲೇ ಕ್ಯಾನ್ಸರ್ ಬೇರುಬಿಟ್ಟ ಪ್ರಕರಣಗಳು ದಾಖಲಾಗಿವೆ, ಆದರೆ ತೀರಾ ಅಪರೂಪ. ಈಗ ಮೊದಲು ಟೊಳ್ಳು ಸೂಜಿಯೊಂದನ್ನು ಗಡ್ಡೆಯವರೆಗೆ ಇಳಿಸಿ, ಅದರೊಳಗಿಂದಲೇ ತುಣುಕು ತೆಗೆಯುವ ಪದ್ಧತಿ ಇದೆ. ಹಾಗಾಗಿ ತುಣುಕು ಹೊರಬರುವಾಗ ಸುತ್ತಲಿನ ಮಾಂಸಕ್ಕೆ ಸೋಕುವುದಿಲ್ಲ.

ನನ್ನನ್ನು ಕೇಳಿದರೆ, ಹೆಚ್ಚು ಎಚ್ಚರ ಬೇಕಾದ್ದು ರಕ್ತಸ್ರಾವದ ಬಗ್ಗೆ. ನಿಮಿಷಕ್ಕೆ ಸುಮಾರು 1 ಲೀಟರ್ ರಕ್ತ ನಮ್ಮ ಎರಡು ಕಿಡ್ನಿಗಳಲ್ಲಿ ಹರಿಯುತ್ತದೆ. ಅಂಥ ಅಂಗಕ್ಕೆ ಸೂಜಿ ಹಾಕುವ ಕೆಲಸ ಇದು. ರೋಗಿಯನ್ನು ಸಾಮಾನ್ಯವಾಗಿ ಬೋರಲು ಮಲಗಿಸಿ, ಬೆನ್ನಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, "ಉಸಿರು ಬಿಗಿಹಿಡಿಯಿರಿ" ಅನ್ನುತ್ತಾರೆ. ಉಸಿರಾಡಿದಂತೆಲ್ಲ ಕಿಡ್ನಿ ಮೇಲೆ ಕೆಳಗೆ ಸರಿಯುತ್ತದಲ್ಲ, ಅದಕ್ಕೆ. ಟಕ್ ಎಂದು ಸದ್ದು. ಶಾವಿಗೆ ಎಳೆಯಂಥ, ಒಂದೆರಡು ಸೆಂಟಿಮೀಟರಿನ ತುಣುಕು, ಅದನ್ನು ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರವದ ಬಾಟಲಿಗೆ ಬೀಳುತ್ತದೆ. ಆಮೇಲೆ ಕೆಲವು ಗಂಟೆ ಅಲುಗಾಡದೆ ಮಲಗಬೇಕು. ಮೂತ್ರ ಕೆಂಪಾಗಿದೆಯೇ ಎಂದು ನೋಡುತ್ತಿರುತ್ತಾರೆ. 5 ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿ ಒಟ್ಟುಗೂಡಿಸಿದ 2016ರ ವಿಮರ್ಶೆಯೊಂದರಲ್ಲಿ, ಕಿಡ್ನಿಯ ಸುತ್ತ ರಕ್ತ ಶೇಖರವಾಗಿದ್ದು ನೂರಕ್ಕೆ ಸುಮಾರು 4 ಜನರಿಗೆ. ಬಹುಪಾಲು ತಾನಾಗಿ ಕರಗುವಂಥದ್ದೇ.

ಯಾರೂ ಅಷ್ಟಾಗಿ ಹೇಳದ ಇನ್ನೊಂದು ತೊಂದರೆಯಿದೆ: ಚುಚ್ಚಿಸಿಕೊಂಡರೂ ಉತ್ತರ ಸಿಗದಿರುವುದು. ನೂರರಲ್ಲಿ ಏಳೆಂಟು ಸಲ ಹೀಗಾಗುತ್ತದೆ. "ತುಣುಕಿನಲ್ಲಿ ಕ್ಯಾನ್ಸರ್ ಸಿಗಲಿಲ್ಲ" ಅಂದರೆ "ಗಡ್ಡೆಯಲ್ಲಿ ಕ್ಯಾನ್ಸರ್ ಇಲ್ಲ" ಎಂದೇ ಅರ್ಥವಲ್ಲ. ಆಂಕೋಸೈಟೋಮ ಎಂಬ ನಿರುಪದ್ರವಿ ಗಡ್ಡೆಗೂ ಒಂದು ಬಗೆಯ ಕ್ಯಾನ್ಸರಿಗೂ ಸೂಕ್ಷ್ಮದರ್ಶಕದಡಿ ಎಷ್ಟು ಹೋಲಿಕೆಯೆಂದರೆ ಅನುಭವಿ ಪೆಥಾಲಜಿಸ್ಟ್‌ಗಳೂ ತಡವರಿಸುತ್ತಾರೆ.

ಇಷ್ಟೆಲ್ಲ ಇದ್ದೂ ಬಯಾಪ್ಸಿ ಯಾಕೆ? 4 ಸೆಂಟಿಮೀಟರಿಗಿಂತ ಚಿಕ್ಕ ಗಡ್ಡೆಗಳಲ್ಲಿ ಸುಮಾರು ಐದಕ್ಕೊಂದು ಕ್ಯಾನ್ಸರೇ ಅಲ್ಲ. ಪರೀಕ್ಷಿಸದೆ ಆಪರೇಷನ್‌ಗೆ ಹೋದರೆ ಕಳೆದುಕೊಳ್ಳುವುದು ಆರೋಗ್ಯವಂತ ಕಿಡ್ನಿಯ ಭಾಗವನ್ನು. ವಯಸ್ಸಾದವರಿಗೆ, ಒಂದೇ ಕಿಡ್ನಿ ಉಳಿದವರಿಗೆ ಇದು ಸಣ್ಣ ನಷ್ಟವಲ್ಲ. ಹಾಗೆಂದು ಎಲ್ಲರಿಗೂ ಬೇಕಿಲ್ಲ; ಫಲಿತಾಂಶ ಏನೇ ಬಂದರೂ ಆಪರೇಷನ್ ಖಚಿತವೆಂದಾದರೆ ಚುಚ್ಚಿ ಪ್ರಯೋಜನವಿಲ್ಲ. ಮೂತ್ರ ಸಾಗುವ ದಾರಿಯ ಒಳಪದರದ ಕ್ಯಾನ್ಸರ್ ಎಂಬ ಗುಮಾನಿಯಿದ್ದರೆ ಸಾಮಾನ್ಯವಾಗಿ ಹೊರಗಿಂದ ಸೂಜಿ ಹಾಕುವುದಿಲ್ಲ, ಅಲ್ಲಿ ಹರಡುವ ಭಯ ಹೆಚ್ಚು.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು ಅದನ್ನು ದಿನಾಂಕ ಗೊತ್ತುಮಾಡುವ ಮೊದಲೇ ಹೇಳಬೇಕು. ಮಾತ್ರೆ ನಿಲ್ಲಿಸಬೇಕೆ, ಎಷ್ಟು ದಿನ ಎಂಬುದನ್ನು ಹೃದಯದ ಡಾಕ್ಟರೇ ತೀರ್ಮಾನಿಸಲಿ.