ಪ್ರಾಥಮಿಕ ಶಾಲೆಯ ಆಪ್ತಸಮಾಲೋಚಕರಿಗೆ ಸಾರ್ವಜನಿಕ ಹಣ: ಅಮೆರಿಕದ ಅನುದಾನ ಮತ್ತು ಹಂಚಿಕೆ ಸೂತ್ರಗಳ ಕುರಿತು ಟಿಪ್ಪಣಿ

ಅಮೆರಿಕದ ಶಾಲಾ ಹಣಕಾಸನ್ನು ಅಭ್ಯಾಸ ಮಾಡುವವರು ಮೊದಲು ಒಂದು ಸಂಗತಿಯನ್ನು ಮನಗಾಣಬೇಕು. ಅಲ್ಲಿನ ಸರ್ಕಾರಿ ಶಾಲೆಗಳ ವೆಚ್ಚದ ಬಹುಪಾಲನ್ನು ಭರಿಸುವುದು ರಾಜ್ಯ ಸರ್ಕಾರ ಮತ್ತು ಸ್ಥಳೀಯ ತೆರಿಗೆ. ಫೆಡರಲ್ (ಕೇಂದ್ರ) ಸರ್ಕಾರದ ಪಾಲು ಸಾಮಾನ್ಯವಾಗಿ ಹತ್ತರಲ್ಲಿ ಒಂದರ ಆಸುಪಾಸಿನಲ್ಲಿರುತ್ತದೆ. ಆದರೂ ಪ್ರಾಥಮಿಕ ಶಾಲೆಯ ಆಪ್ತಸಮಾಲೋಚಕರ ವಿಷಯ ಬಂದಾಗಲೆಲ್ಲ ಚರ್ಚೆ ಫೆಡರಲ್ ಅನುದಾನಗಳ ಸುತ್ತಲೇ ತಿರುಗುತ್ತದೆ. ಇದಕ್ಕೆ ಕಾರಣವಿದೆ. ತರಗತಿಗೊಬ್ಬ ಶಿಕ್ಷಕರು ಬೇಕೆಂಬುದನ್ನು ಯಾವ ರಾಜ್ಯವೂ ಪ್ರಶ್ನಿಸುವುದಿಲ್ಲ. ಆದರೆ ಆರೇಳು ವರ್ಷದ ಮಗುವಿನ ಭಯ, ಮನೆಯಲ್ಲಿನ ಸಾವು, ಸಹಪಾಠಿಗಳ ಕಿರುಕುಳ ಇವುಗಳನ್ನು ಗಮನಿಸಲು ತರಬೇತಿ ಪಡೆದ ಪ್ರತ್ಯೇಕ ವ್ಯಕ್ತಿ ಬೇಕೆಂಬುದನ್ನು ಹಲವು ರಾಜ್ಯಗಳು ಕಾನೂನಿನಲ್ಲಿ ಬರೆದೇ ಇಲ್ಲ. ಹೀಗಾಗಿ ಈ ಹುದ್ದೆ ಬಹುಕಾಲ ನಿಗದಿತ ಅವಧಿಯ ಅನುದಾನಗಳನ್ನು ಆಶ್ರಯಿಸಿಯೇ ಬದುಕಿದೆ. ಅಂತಹ ಅನುದಾನ ಹುದ್ದೆಯನ್ನು ಹುಟ್ಟಿಸಬಲ್ಲದೇ ಹೊರತು ಅದನ್ನು ಉಳಿಸಿಕೊಳ್ಳುವುದು ರಾಜ್ಯದ ಹಂಚಿಕೆ ಸೂತ್ರವೇ (ಶಾಲೆಗಳಿಗೆ ಎಷ್ಟು ಹಣವೆಂದು ಲೆಕ್ಕಹಾಕುವ ನಿಯಮ) ಎಂಬುದು ಈ ಟಿಪ್ಪಣಿಯ ವಾದ.

ಇತಿಹಾಸ 1958ರಿಂದ ಆರಂಭವಾಗುತ್ತದೆ. ಸೋವಿಯತ್ ಒಕ್ಕೂಟ 1957ರಲ್ಲಿ ಸ್ಪುಟ್ನಿಕ್ ಹಾರಿಸಿದ ಮೇಲೆ, ಪ್ರತಿಭಾವಂತ ಮಕ್ಕಳನ್ನು ಗುರುತಿಸಿ ವಿಜ್ಞಾನದತ್ತ ಕಳುಹಿಸಬೇಕೆಂಬ ಆತಂಕದಲ್ಲಿ ಅಮೆರಿಕದ ಕಾಂಗ್ರೆಸ್ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಯನ್ನು ಅಂಗೀಕರಿಸಿತು. ಅದರ ಐದನೆಯ ಅಧ್ಯಾಯ ಪ್ರೌಢಶಾಲೆಗಳಲ್ಲಿ ಮಾರ್ಗದರ್ಶನ, ಸಮಾಲೋಚನೆ ಮತ್ತು ಪರೀಕ್ಷೆಗಳಿಗೆ ಹಣ ಒದಗಿಸಿತು. 1964ರ ತಿದ್ದುಪಡಿಯ ಮೂಲಕ ಅದೇ ನೆರವು ಪ್ರಾಥಮಿಕ ಶಾಲೆಗಳಿಗೂ ವಿಸ್ತರಿಸಿತು. ಚಿಕ್ಕ ಮಕ್ಕಳ ನೆಮ್ಮದಿಗೆಂದು ಹೊರಟ ಹಣ ಇದಲ್ಲ. ದೇಶದ ರಕ್ಷಣೆಗೆಂದು ಹೊರಟ ಹಣ ಆರು ವರ್ಷ ತಡವಾಗಿ ಅವರ ಬಳಿಗೆ ಬಂದಿತು. ಈ ಕ್ರಮವನ್ನು ನೆನಪಿಟ್ಟುಕೊಂಡರೆ ಮುಂದಿನ ಹಲವು ನಿರ್ಧಾರಗಳು ಅರ್ಥವಾಗುತ್ತವೆ.

ಚಿಕ್ಕ ಮಕ್ಕಳನ್ನೇ ಮುಂದಿಟ್ಟುಕೊಂಡು ರೂಪುಗೊಂಡದ್ದು ಪ್ರಾಥಮಿಕ ಮತ್ತು ಪ್ರೌಢಶಾಲಾ ಸಮಾಲೋಚನಾ ಕಾರ್ಯಕ್ರಮ. ಇದರ ನಿಯಮಗಳು ಗಮನವಿಟ್ಟು ಓದಲು ಯೋಗ್ಯವಾಗಿವೆ. ಒಂದು ವರ್ಷದ ಒಟ್ಟು ಹಂಚಿಕೆ 4 ಕೋಟಿ ಡಾಲರ್ ಮುಟ್ಟದಿದ್ದರೆ ಎಲ್ಲ ಹಣವೂ ಪ್ರಾಥಮಿಕ ಶಾಲೆಗಳಿಗೇ ಹೋಗಬೇಕಿತ್ತು. ಆ ಮೊತ್ತವನ್ನು ಮೀರಿದರೂ ಕನಿಷ್ಠ 4 ಕೋಟಿ ಅವುಗಳಿಗೆ ಮೀಸಲಾಗಿತ್ತು. ಒಂದು ಶಾಲಾ ಜಿಲ್ಲೆಗೆ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ ಘಟಕ) ವರ್ಷಕ್ಕೆ ಗರಿಷ್ಠ 4 ಲಕ್ಷ ಡಾಲರ್, ಹೆಚ್ಚೆಂದರೆ ಮೂರು ವರ್ಷ ಸಿಗುತ್ತಿತ್ತು. ಬಂದ ಹಣ ಈಗಾಗಲೇ ಮಾಡುತ್ತಿರುವ ವೆಚ್ಚಕ್ಕೆ ಪೂರಕವಾಗಬೇಕಿತ್ತೇ ಹೊರತು ಅದರ ಬದಲಿಯಾಗುವಂತಿರಲಿಲ್ಲ. ಅಂದರೆ ತನ್ನ ಖಜಾನೆಯಿಂದ ಸಂಬಳ ಕೊಡುತ್ತಿದ್ದ ಸಮಾಲೋಚಕರನ್ನು ಅನುದಾನದ ಲೆಕ್ಕಕ್ಕೆ ವರ್ಗಾಯಿಸಿ, ಉಳಿದ ಹಣವನ್ನು ಬೇರೆಡೆ ಬಳಸಲು ಜಿಲ್ಲೆಗೆ ಅವಕಾಶವಿರಲಿಲ್ಲ. ಆಶಯ ಒಳ್ಳೆಯದೇ, ಆದರೆ ಗಾತ್ರ ತೀರ ಚಿಕ್ಕದು. ಕೊನೆಯ ವರ್ಷಗಳಲ್ಲಿ ಇದಕ್ಕೆ ದೊರೆಯುತ್ತಿದ್ದುದು ಸುಮಾರು 5 ಕೋಟಿ ಡಾಲರ್. ಪ್ರತಿ ಜಿಲ್ಲೆಗೂ ಗರಿಷ್ಠ ಮೊತ್ತ ಕೊಟ್ಟರೆ ಒಂದು ವರ್ಷದಲ್ಲಿ ಅದು ತಲುಪುವುದು ಹೆಚ್ಚುಕಡಿಮೆ 125 ಜಿಲ್ಲೆಗಳನ್ನು. ದೇಶದಲ್ಲಿರುವ ಶಾಲಾ ಜಿಲ್ಲೆಗಳು 13,000ಕ್ಕೂ ಹೆಚ್ಚು. ಮೂರನೆಯ ವರ್ಷ ಮುಗಿದ ಮೇಲೆ ಸಂಬಳ ಕೊಡುವವರು ಯಾರೆಂಬ ಪ್ರಶ್ನೆಯನ್ನು ಜಿಲ್ಲೆಯೇ ಎದುರಿಸಬೇಕಿತ್ತು.

2015ರ ಡಿಸೆಂಬರಿನಲ್ಲಿ ಬಂದ ಫೆಡರಲ್ ಶಿಕ್ಷಣ ಕಾಯ್ದೆಯು ಈ ಕಾರ್ಯಕ್ರಮವನ್ನು ಕೈಬಿಟ್ಟು, ತನ್ನ ನಾಲ್ಕನೆಯ ಅಧ್ಯಾಯದ 'ಎ' ಭಾಗವೆಂದು ಕರೆಯುವ ದೊಡ್ಡ ಒಟ್ಟು ಅನುದಾನದಲ್ಲಿ (ಹಲವು ಉದ್ದೇಶಗಳಿಗೆ ಒಟ್ಟಾಗಿ ಕೊಡುವ ಹಣ) ಅದರ ಉದ್ದೇಶವನ್ನು ಸೇರಿಸಿತು. ಕಾಯ್ದೆ ಅನುಮತಿಸಿದ ಮೊತ್ತ ಮತ್ತು ವಾಸ್ತವವಾಗಿ ಮಂಜೂರಾದ ಮೊತ್ತ ಎರಡೂ ಬೇರೆ ಬೇರೆ ಎಂಬುದಕ್ಕೆ ಇದೇ ಒಳ್ಳೆಯ ಉದಾಹರಣೆ: 2017ನೇ ಹಣಕಾಸು ವರ್ಷಕ್ಕೆ 165 ಕೋಟಿ ಡಾಲರಿಗೆ ಅನುಮತಿ ಇದ್ದರೂ ಮಂಜೂರಾದದ್ದು 40 ಕೋಟಿ, ಮರುವರ್ಷ ಅದು 110 ಕೋಟಿಗೆ ಏರಿತು. 30,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಪಡೆಯುವ ಜಿಲ್ಲೆ ಕನಿಷ್ಠ ಶೇ. 20ರಷ್ಟನ್ನು ಮಕ್ಕಳ ಸುರಕ್ಷತೆ ಮತ್ತು ಆರೋಗ್ಯಕ್ಕೆ ಬಳಸಬೇಕು. ಆದರೆ ಆ ಶೀರ್ಷಿಕೆಯಡಿ ಸಮಾಲೋಚನೆಯ ಜೊತೆಗೆ ಮಾದಕವಸ್ತು ತಡೆ, ದೈಹಿಕ ಶಿಕ್ಷಣ, ಪೌಷ್ಟಿಕತೆ ಎಲ್ಲವೂ ಬರುತ್ತವೆ. ಹಣ ಹೆಚ್ಚಿತು, ಪ್ರಾಥಮಿಕ ಶಾಲೆಗಿದ್ದ ಮೀಸಲು ಹೋಯಿತು.

ಆಮೇಲಿನ ದೊಡ್ಡ ಮೊತ್ತಗಳೂ ಇದೇ ಸ್ವಭಾವದವು. 2021ರ ಕೋವಿಡ್ ಪರಿಹಾರ ಕಾಯ್ದೆಯಡಿ ಶಾಲೆಗಳಿಗೆ ಬಂದ 12,200 ಕೋಟಿ ಡಾಲರುಗಳಿಂದ ಸಮಾಲೋಚಕರನ್ನೂ ನೇಮಿಸಿಕೊಳ್ಳಬಹುದಿತ್ತು; ಅದನ್ನು ವಿನಿಯೋಗಕ್ಕೆ ಗೊತ್ತುಪಡಿಸುವ ಗಡುವು 2024ರ ಸೆಪ್ಟೆಂಬರಿಗೆ ಮುಗಿಯಿತು. 2022ರ ಮೇ ತಿಂಗಳಲ್ಲಿ ಟೆಕ್ಸಸ್‌ನ ಯುವಾಲ್ಡಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಹತ್ಯೆ ನಡೆದ ನಂತರ ಎರಡೂ ಪಕ್ಷಗಳು ಕೂಡಿ ತಂದ ಕಾಯ್ದೆಯು ಶಾಲಾ ಮಾನಸಿಕ ಆರೋಗ್ಯ ಸಿಬ್ಬಂದಿಯ ನೇಮಕ ಹಾಗೂ ತರಬೇತಿಗೆ 100 ಕೋಟಿ ಡಾಲರ್ ತೆಗೆದಿರಿಸಿತು. 2025ರ ಏಪ್ರಿಲಿನಲ್ಲಿ ಶಿಕ್ಷಣ ಇಲಾಖೆಯು ಈ ಅನುದಾನಗಳು ತನ್ನ ಆದ್ಯತೆಗಳಿಗೆ ಹೊಂದುವುದಿಲ್ಲವೆಂದು ಹೇಳಿ ಅವುಗಳನ್ನು ಮುಂದುವರಿಸದಿರಲು ನಿರ್ಧರಿಸಿತು. 16 ರಾಜ್ಯಗಳು ನ್ಯಾಯಾಲಯದ ಮೊರೆಹೋದವು. ಒಂದು ದುರಂತದ ಬಳಿಕ ಎರಡು ಪಕ್ಷಗಳು ಒಪ್ಪಿ ಕೊಟ್ಟ ಹಣವೂ ಮೂರು ವರ್ಷಗಳೊಳಗೆ ಅನಿಶ್ಚಿತವಾಯಿತೆಂಬುದು ನನ್ನನ್ನು ಬಹಳ ಕಾಡುತ್ತದೆ, ಏಕೆಂದರೆ ಮಗು ಒಬ್ಬ ದೊಡ್ಡವರನ್ನು ನಂಬಿ ಬಾಯಿ ಬಿಡಲು ಕೆಲವೊಮ್ಮೆ ಒಂದು ಶಾಲಾ ವರ್ಷವೇ ಬೇಕಾಗುತ್ತದೆ.

ಇನ್ನು ಹಂಚಿಕೆ ಸೂತ್ರ. ವಾಷಿಂಗ್ಟನ್ ರಾಜ್ಯದ ಮಾದರಿ ಇದನ್ನು ಕಲಿಯಲು ಅತ್ಯಂತ ಅನುಕೂಲಕರವಾಗಿದೆ. ಸಿಯಾಟಲ್ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳು ಓದುವ ಸರ್ಕಾರಿ ಶಾಲೆಗಳಿಗೂ ಅನ್ವಯಿಸುವುದು ಇದೇ. ಅಲ್ಲಿನ ಕಾನೂನು 400 ಮಕ್ಕಳಿರುವ ಒಂದು ಮಾದರಿ ಪ್ರಾಥಮಿಕ ಶಾಲೆಯನ್ನು ಕಲ್ಪಿಸಿಕೊಂಡು, ಅದಕ್ಕೆ ಬೇಕಾದ ಪ್ರತಿ ಹುದ್ದೆಯನ್ನೂ ದಶಮಾಂಶದಲ್ಲಿ ಹೇಳುತ್ತದೆ. ಆಪ್ತಸಮಾಲೋಚಕರ ಪಾಲಿಗೆ ಹಲವು ವರ್ಷ ಇದ್ದ ಸಂಖ್ಯೆ 0.493, ಅಂದರೆ ಅರ್ಧ ಹುದ್ದೆಗೂ ತುಸು ಕಡಿಮೆ. 400ನ್ನು ಇದರಿಂದ ಭಾಗಿಸಿದರೆ ಒಬ್ಬ ಪೂರ್ಣಾವಧಿ ಸಮಾಲೋಚಕರಿಗೆ ಸುಮಾರು 811 ಮಕ್ಕಳು ಬರುತ್ತಾರೆ. ಅಮೆರಿಕನ್ ಸ್ಕೂಲ್ ಕೌನ್ಸೆಲರ್ ಅಸೋಸಿಯೇಷನ್ ಶಿಫಾರಸು ಮಾಡುವುದು 250 ಮಕ್ಕಳಿಗೊಬ್ಬರನ್ನು. 2022ರಲ್ಲಿ ರಾಜ್ಯದ ಶಾಸನಸಭೆ ಈ ಸಂಖ್ಯೆಯನ್ನು ಮೂರು ಶಾಲಾ ವರ್ಷಗಳಲ್ಲಿ ಹಂತಹಂತವಾಗಿ 0.993ಕ್ಕೆ ಏರಿಸಲು ತೀರ್ಮಾನಿಸಿತು. ಆಗ ಅನುಪಾತ ಸುಮಾರು 403ಕ್ಕೆ ಇಳಿಯುತ್ತದೆ.

ಪರೀಕ್ಷೆಗೆ ಓದುವವರು ಎಡವುವ ಜಾಗ ಇಲ್ಲಿದೆ. ಸೂತ್ರದಲ್ಲಿನ ಸಂಖ್ಯೆ ಹಣ ಎಷ್ಟೆಂದು ಲೆಕ್ಕಹಾಕಲು ಬಳಸುವ ಅಳತೆ. ಅಷ್ಟೇ ಸಿಬ್ಬಂದಿಯನ್ನು ನೇಮಿಸಲೇಬೇಕೆಂಬ ಆದೇಶವೆಂದು ಅದನ್ನು ಓದಬಾರದು. ಜಿಲ್ಲೆ ಆ ಹಣವನ್ನು ಬೇರೆ ಅಗತ್ಯಕ್ಕೂ ತಿರುಗಿಸಬಹುದಿತ್ತು. 2022ರ ಕಾನೂನು ಈ ದಾರಿಯನ್ನು ಬಹುಮಟ್ಟಿಗೆ ಮುಚ್ಚಿತು: ಶಾಲಾ ದಾದಿಯರು, ಸಮಾಜ ಕಾರ್ಯಕರ್ತರು, ಮನಶ್ಶಾಸ್ತ್ರಜ್ಞರು ಮತ್ತು ಸಮಾಲೋಚಕರನ್ನು ಒಂದು ಗುಂಪೆಂದು ಪರಿಗಣಿಸಿ, ಜಿಲ್ಲೆಯಲ್ಲಿ ನಿಜವಾಗಿ ಕೆಲಸ ಮಾಡುತ್ತಿರುವ ಈ ಸಿಬ್ಬಂದಿಯ ಪ್ರಮಾಣಕ್ಕೆ ಅನುಗುಣವಾಗಿ ಮಾತ್ರ ಹಣ ಬಿಡುಗಡೆಯಾಗಬೇಕೆಂದು ವಿಧಿಸಿತು. ಲೆಕ್ಕ ಗುಂಪಿನದಾದ್ದರಿಂದ, ದಾದಿಯರ ಕೊರತೆ ಹೆಚ್ಚಿರುವ ಜಿಲ್ಲೆ ಅವರನ್ನೇ ಮೊದಲು ನೇಮಿಸಿಕೊಂಡು ಹಣ ಪಡೆಯಲು ಸಾಧ್ಯವಿದೆ. ಆದ್ದರಿಂದ ಯಾವುದೇ ಜಿಲ್ಲೆಯ ಆಯವ್ಯಯ ಓದುವಾಗ ಗುಂಪಿನ ಮೊತ್ತದ ಜೊತೆಗೆ ಪ್ರಾಥಮಿಕ ಶಾಲೆಗಳ ಸಮಾಲೋಚಕರ ಹುದ್ದೆಗಳನ್ನು ಪ್ರತ್ಯೇಕವಾಗಿ ಎಣಿಸಬೇಕು.