ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಸ್ಪೋರ್ಟ್ಸ್ ಕಾರು: ಬೆಲೆ ಇನ್ನೂ ಇಳಿಯಲಿ ಎಂದು ಕಾಯಬೇಕಾ?

ಓದುಗರ ಪ್ರಶ್ನೆ: "ನಾನು ಬ್ರಹ್ಮಾವರದವನು, ದುಬೈಯಲ್ಲಿ ಕೆಲಸ. ಊರಿಗೆ ವಾಪಸ್ ಬಂದು ನೆಲೆಸುವ ಯೋಚನೆ ಉಂಟು. ಬಿಎಂಡಬ್ಲ್ಯೂ ಐ8 ಮೇಲೆ ಮೊದಲಿನಿಂದಲೂ ಆಸೆ. ಹೊಸದರಲ್ಲಿ ಎರಡು ಕೋಟಿ ದಾಟಿದ್ದ ಕಾರು ಈಗ ತುಂಬಾ ಕಡಿಮೆಗೆ ಸಿಗುತ್ತಾ ಉಂಟು. ಇನ್ನೂ ಒಂದೆರಡು ವರ್ಷ ಕಾದರೆ ಮತ್ತೂ ಇಳಿಯಬಹುದಾ? ಅಥವಾ ಈಗಲೇ ತಗೊಳ್ಳುವುದಾ? ಇಲ್ಲಿಂದಲೇ ಒಂದು ಕಾರು ತಂದರೆ ಹೇಗೆ?"

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಗಲ್ಫ್‌ನಲ್ಲಿರುವ ನಮ್ಮೂರಿನವರು ತುಂಬಾ ಜನ ಇದನ್ನು ಕೇಳುತ್ತಾರೆ. ಅಲ್ಲಿಂದ ತರುವುದು ಆಗದ ಮಾತು. ದುಬೈ ಕಾರಿನ ಸ್ಟೇರಿಂಗ್ ಎಡಕ್ಕೆ. ಹಳೆ ಕಾರನ್ನು ಆಮದು ಮಾಡಬೇಕಾದರೆ ಸ್ಟೇರಿಂಗ್ ಬಲಕ್ಕಿರಬೇಕು, ಕಾರು ತಯಾರಾಗಿ ಮೂರು ವರ್ಷ ದಾಟಿರಬಾರದು ಎಂಬುದು ನಮ್ಮ ದೇಶದ ನಿಯಮ. ಐ8 ತಯಾರಿಕೆ 2020ರ ಜೂನ್‌ನಲ್ಲೇ ನಿಂತಿದೆ. ಹಾಗಾಗಿ ಅತೀ ಹೊಸ ಐ8 ಕೂಡ ಈ ನಿಯಮಕ್ಕೆ ಹೊರಗೆ. ಅಲ್ಲಿನ ಬೆಲೆ ನೋಡಿ ಸುಮ್ನೆ ಆಸೆಪಡುವುದು ಬೇಡ. ಇಲ್ಲೇ ನೋಂದಣಿಯಾದ ಕಾರನ್ನೇ ಹುಡುಕಬೇಕು.

ಈಗ ಮುಖ್ಯ ಪ್ರಶ್ನೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟರ್ ಎರಡೂ ಇರುವ ಈ ಹೈಬ್ರಿಡ್ ಜಾತಿಯ ಕಾರಿನಲ್ಲಿ ಬೆಲೆಯೊಂದನ್ನೇ ನೋಡಿಕೊಂಡು ಕಾಯಬೇಡಿ. ಬ್ಯಾಟರಿಯ ವಾರಂಟಿ ಯಾವತ್ತು ಮುಗಿಯುತ್ತದೆ ಎಂಬ ತಾರೀಕನ್ನು ಜೊತೆಗಿಟ್ಟುಕೊಂಡು ಬೆಲೆ ನೋಡಿ. ಬೆಲೆ ಇಳಿಯುವುದು ನಿಧಾನವಾಗುವ ಹೊತ್ತಿಗೆ ಸರಿಯಾಗಿ ದೊಡ್ಡ ರಿಪೇರಿಯ ಹೊಣೆ ಕಂಪನಿಯಿಂದ ನಿಮ್ಮ ಹೆಗಲಿಗೆ ಬರುತ್ತದೆ. ಕಾದು ಉಳಿಸಿದ ಹಣ ಅಲ್ಲೇ ಹೋಗಬಹುದು.

ಇಷ್ಟು ಬೆಲೆ ಬಿದ್ದದ್ದು ಹೇಗೆ ಎಂದು ಮೊದಲು ನೋಡೋಣ. 2015ರ ಫೆಬ್ರವರಿಯಲ್ಲಿ ಐ8 ಭಾರತಕ್ಕೆ ಬಂದಾಗ ಎಕ್ಸ್ ಶೋರೂಮ್ ಬೆಲೆ 2.29 ಕೋಟಿ ರೂಪಾಯಿ. ಪೂರ್ತಿ ತಯಾರಾಗಿ ಹೊರದೇಶದಿಂದ ಬಂದ ಕಾರು ಅದು. ಆ ಬೆಲೆಯಲ್ಲಿ ದೊಡ್ಡ ಪಾಲು ಆಮದು ಸುಂಕ. ಅದರ ಮೇಲೆ ರಸ್ತೆ ತೆರಿಗೆ. ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಮೇಲಿನ ಕಾರಿಗೆ ಜೀವಾವಧಿ ತೆರಿಗೆ ಶೇ. 18, ಸೆಸ್ ಬೇರೆ. ಅಂದರೆ ಈ ದರದಲ್ಲಿ 2.29 ಕೋಟಿಯ ಕಾರಿಗೆ ತೆರಿಗೆಯೇ 40 ಲಕ್ಷ ದಾಟುತ್ತದೆ. ಕಾರು ಮಾರುವಾಗ ಆ ಹಣ ಪೂರ್ತಿ ವಾಪಸ್ ಬರುವುದಿಲ್ಲ. ಮೊದಲ ಮಾಲೀಕ ಶೋರೂಮಿನಿಂದ ಹೊರಗೆ ಬರುವಾಗಲೇ ಅದರ ದೊಡ್ಡ ಪಾಲನ್ನು ಕಳೆದುಕೊಂಡಿರುತ್ತಾನೆ.

ಸುಂಕ, ತೆರಿಗೆ ಎಲ್ಲಾ ದುಬಾರಿ ಕಾರಿಗೂ ಇದೆ. ಹೈಬ್ರಿಡ್ ಸ್ಪೋರ್ಟ್ಸ್ ಕಾರು ಇನ್ನೂ ಬೇಗ ಇಳಿಯಲು ಬೇರೆ ಕಾರಣ ಉಂಟು. ಸ್ಪೋರ್ಟ್ಸ್ ಕಾರು ಇಷ್ಟಪಡುವವರಿಗೆ ದೊಡ್ಡ ಎಂಜಿನ್ ಬೇಕು. ಐ8ನಲ್ಲಿ ಹಿಂದೆ ಇರುವುದು ಮೂರು ಸಿಲಿಂಡರಿನ 1.5 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, ಮುಂದೆ ಎಲೆಕ್ಟ್ರಿಕ್ ಮೋಟರ್. ಎರಡೂ ಸೇರಿ 362 ಪಿಎಸ್ (ಅಶ್ವಶಕ್ತಿ) ಶಕ್ತಿ, 100 ಕಿ.ಮೀ. ವೇಗಕ್ಕೆ 4.4 ಸೆಕೆಂಡು. ಓಟದಲ್ಲಿ ಏನೂ ಕಡಿಮೆ ಇಲ್ಲ. ಆದರೂ "ಮೂರು ಸಿಲಿಂಡರ್" ಎಂದ ಕೂಡಲೇ ಕೆಲವರು ಹಿಂದೆ ಸರಿಯುತ್ತಾರೆ. ಇನ್ನು ಕೆಲವರಿಗೆ ಬ್ಯಾಟರಿಯ ಹೆದರಿಕೆ. ಕೊಳ್ಳುವವರು ಕಡಿಮೆ ಆದರೆ ಬೆಲೆ ಬೀಳಲೇಬೇಕು, ಅಲ್ವಾ?

ಬೆಲೆ ಇನ್ನೆಷ್ಟು ಬೀಳುತ್ತದೆ ಎಂದು ತಿಳಿಯಲು ಒಂದು ಸುಲಭ ದಾರಿ ಇದೆ. ಭವಿಷ್ಯ ಹೇಳುವವರನ್ನು ಕೇಳಬೇಕಾಗಿಲ್ಲ. ಇವತ್ತು ಮಾರಾಟಕ್ಕಿರುವ ಬೇರೆ ಬೇರೆ ವರ್ಷದ ಕಾರುಗಳ ಬೆಲೆಯನ್ನು ಪಕ್ಕಪಕ್ಕ ಬರೆದುಕೊಳ್ಳಿ. 2015ರ ಕಾರಿಗೂ 2016ರ ಕಾರಿಗೂ ಇರುವ ಅಂತರವೇ ಹೆಚ್ಚುಕಡಿಮೆ ನೀವು ಒಂದು ವರ್ಷ ಓಡಿಸಿದಾಗ ಕಳೆದುಕೊಳ್ಳುವ ಹಣ. ಉದಾಹರಣೆಗೆ ಒಂದು 80 ಲಕ್ಷ, ಒಂದು ವರ್ಷ ಹಳೆಯದು 76 ಲಕ್ಷ ಎಂದಿಟ್ಟುಕೊಳ್ಳಿ. ವರ್ಷಕ್ಕೆ 4 ಲಕ್ಷದ ಇಳಿತ. ಅಂತರ ಇಷ್ಟು ಸಣ್ಣದಾಗಿದ್ದರೆ ದೊಡ್ಡ ಇಳಿತ ಮುಗಿದಿದೆ ಎಂದರ್ಥ. 15 ಲಕ್ಷದ ಅಂತರ ಕಂಡರೆ ಇನ್ನೂ ಸ್ವಲ್ಪ ತಡೆಯಿರಿ.

ಇಲ್ಲಿ ಒಂದು ಎಚ್ಚರಿಕೆ. ಒಂದೇ ಮಾದರಿಯ ಕಾರುಗಳನ್ನು ಮಾತ್ರ ಹೋಲಿಸಬೇಕು. 2018ರಲ್ಲಿ ಕಂಪನಿ ಐ8 ಬ್ಯಾಟರಿಯನ್ನು 7.1 ಕಿಲೋವ್ಯಾಟ್ ಅವರ್‌ನಿಂದ 11.6ಕ್ಕೆ ಏರಿಸಿ, ಶಕ್ತಿಯನ್ನು 374 ಪಿಎಸ್ ಮಾಡಿತು. ಹಳೆ ಬ್ಯಾಟರಿಯ ಕಾರಿಗೂ ಇದಕ್ಕೂ ಇರುವ ಅಂತರ ಬರೀ ವಯಸ್ಸಿನದ್ದಲ್ಲ. ಇನ್ನೊಂದು, ಜಾಹೀರಾತಿನಲ್ಲಿ ಕೇಳುವ ಬೆಲೆ ಬೇರೆ, ಕೈಬದಲಾಗುವ ಬೆಲೆ ಬೇರೆ. ಅದೇ ಕಾರು ನಾಲ್ಕೈದು ತಿಂಗಳಿಂದ ಅಲ್ಲೇ ಇದ್ದರೆ ಆ ಬೆಲೆಗೆ ಯಾರೂ ಒಪ್ಪಿಲ್ಲ ಎಂದೇ ಲೆಕ್ಕ.

ವಿಮೆಯವರ ಐಡಿವಿ, ಅಂದರೆ ವಿಮೆಗಾಗಿ ಕಾರಿಗೆ ಕಟ್ಟುವ ಮೌಲ್ಯ, ನೋಡಿ ಬೆಲೆ ಕಟ್ಟುವವರೂ ಇದ್ದಾರೆ. ಅದರ ಸವಕಳಿ ಪಟ್ಟಿ ಆರು ತಿಂಗಳೊಳಗೆ ಶೇ. 5ರಿಂದ ಶುರುವಾಗಿ, ನಾಲ್ಕರಿಂದ ಐದನೇ ವರ್ಷಕ್ಕೆ ಶೇ. 50ಕ್ಕೆ ನಿಲ್ಲುತ್ತದೆ. ಐದು ವರ್ಷ ದಾಟಿದ ಮೇಲೆ ಕಂಪನಿ ಮತ್ತು ಮಾಲೀಕ ಮಾತಾಡಿ ಮೊತ್ತ ನಿಗದಿ ಮಾಡುತ್ತಾರೆ. ಹಾಗಾಗಿ ನಿಮ್ಮ ವಿಷಯದಲ್ಲಿ ಆ ಪಟ್ಟಿಯಿಂದ ಪ್ರಯೋಜನ ಇಲ್ಲ.

ಈಗ ಬ್ಯಾಟರಿಗೆ ಬರೋಣ. ಐ ಸರಣಿಯ ಹೈ ವೋಲ್ಟೇಜ್ ಬ್ಯಾಟರಿಗೆ ಬಿಎಂಡಬ್ಲ್ಯೂ ಕೊಟ್ಟದ್ದು 8 ವರ್ಷ ಅಥವಾ 1,00,000 ಕಿ.ಮೀ. ವಾರಂಟಿ. ಈ ಕಾರುಗಳು ಕಿಲೋಮೀಟರ್ ಜಾಸ್ತಿ ಓಡಿರುವುದಿಲ್ಲ, ವರ್ಷವೇ ಮೊದಲು ಮುಗಿಯುತ್ತದೆ. 2015, 2016ರ ಕಾರುಗಳದ್ದು ಮುಗಿದು ಹೋಗಿದೆ. 2018ರದ್ದಕ್ಕೆ 2026, 2019ರದ್ದಕ್ಕೆ 2027, 2020ರದ್ದಕ್ಕೆ 2028. ಚಾಸಿ ನಂಬರ್ ಕೊಟ್ಟು, ಯಾವ ತಾರೀಕಿನವರೆಗೆ ಇದೆ, ಎರಡನೇ ಮಾಲೀಕನಿಗೂ ಸಿಗುತ್ತದಾ ಎಂದು ಅಧಿಕೃತ ಸರ್ವಿಸ್ ಸೆಂಟರಿನಿಂದ ಬರಹದಲ್ಲೇ ಪಡೆಯಿರಿ. ಬಾಯಿಮಾತಿನಲ್ಲಿ ಕೇಳಿದ್ದು ಸಾಕಾಗುವುದಿಲ್ಲ. ಹಾಗೆಯೇ ಐ8ನ ಹೈ ವೋಲ್ಟೇಜ್ ಕೆಲಸ ಮಾಡಲು ತರಬೇತಿ ಪಡೆದವರು ಅಲ್ಲಿ ಇದ್ದಾರಾ, ಅಥವಾ ಕಾರನ್ನು ಲಾರಿಯಲ್ಲಿ ಹಾಕಿ ಶಿರಾಡಿ ಘಾಟಿ ಹತ್ತಿಸಿ ಬೆಂಗಳೂರಿಗೆ ಕಳಿಸಬೇಕಾ ಎಂದೂ ಕೇಳಿ. ಈ ಒಂದು ಉತ್ತರದಿಂದ ನಿಮ್ಮ ವರ್ಷದ ಖರ್ಚು ಬದಲಾಗುತ್ತದೆ.

ಕಾಯುವುದರ ಲೆಕ್ಕ ಹೀಗೆ ಮಾಡಿ. ನೀವು ನಾಲ್ಕು ವರ್ಷ ಇಟ್ಟುಕೊಳ್ಳುತ್ತೀರಿ ಎಂದಾದರೆ, ಏಳನೇ ವಯಸ್ಸಿನಲ್ಲಿ ಕೊಂಡ ಕಾರನ್ನು ಹನ್ನೊಂದಕ್ಕೆ ಮಾರುತ್ತೀರಿ. ಒಂಬತ್ತನೇ ವಯಸ್ಸಿನಲ್ಲಿ ಕೊಂಡದ್ದನ್ನು ಹದಿಮೂರಕ್ಕೆ ಮಾರುತ್ತೀರಿ. ಎರಡನೆಯದು ಕೊಳ್ಳುವಾಗ ಅಗ್ಗ, ಸರಿ. ಆದರೆ ನಾಲ್ಕೂ ವರ್ಷ ವಾರಂಟಿ ಇಲ್ಲ. ಮಾರುವಾಗ ಕೊಳ್ಳುವವನಿಗೆ ಎದುರಾಗುವುದು ಹದಿಮೂರು ವರ್ಷದ ಬ್ಯಾಟರಿ. ಎರಡು ವರ್ಷ ಕಾದು ನೀವು ಉಳಿಸಿದ್ದು 8 ಲಕ್ಷ ಎಂದಾದರೆ, ಆ 8 ಲಕ್ಷವನ್ನು ಬೇರೆ ಖಾತೆಯಲ್ಲಿಟ್ಟು ರಿಪೇರಿಗೆ ಮೀಸಲಿಡಬೇಕು. ಅದು ಉಳಿತಾಯ ಎಂದು ಬೇರೆ ಕಡೆ ಖರ್ಚು ಮಾಡಿದರೆ ಕಷ್ಟ.

ತಿಂಗಳು ಯಾವುದು ಎಂಬುದೂ ನಮ್ಮ ಕಡೆ ಮುಖ್ಯ. ಆಟಿ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ತುಳುನಾಡಿನಲ್ಲಿ ಹೊಸ ವಾಹನ ಮನೆಗೆ ತರುವವರು ಕಡಿಮೆ. ಆಯುಧ ಪೂಜೆ ಹತ್ತಿರ ಬಂದರೆ ಎಲ್ಲರಿಗೂ ಕಾರು ಬೇಕು. ಡಿಸೆಂಬರಿನಲ್ಲಿ ಗಲ್ಫ್‌ನವರು ರಜೆಗೆ ಬಂದಿರುತ್ತಾರೆ, ಆಗ ಚೌಕಾಸಿಗೆ ಜಾಗವೇ ಇರುವುದಿಲ್ಲ. ಆದ್ದರಿಂದ ಆಟಿಯಲ್ಲೇ ನೋಡಿ, ಮಾತಾಡಿ, ಮುಂಗಡ ಕೊಡಿ. ಮನೆಯ ಹಿರಿಯರಿಗೆ ಬೇಸರ ಆಗುವುದಾದರೆ ಆಟಿ ಮುಗಿದು ಸೋಣ ತಿಂಗಳು ಶುರುವಾದ ಮೇಲೆ ಕಾರು ಮನೆಗೆ ತನ್ನಿ.

ಆಟಿಯಲ್ಲಿ ನೋಡಿ ಎನ್ನಲು ಇದಕ್ಕಿಂತ ದೊಡ್ಡ ಕಾರಣ ಮಳೆ. ಉಡುಪಿಯಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಆ ಮಳೆಯಲ್ಲಿ ಎರಡು ದಿನ ಹೊರಗೆ ನಿಂತ ಕಾರಿನ ಬಾಗಿಲು ತೆಗೆದು ನೋಡಿ. ಐ8 ಬಾಗಿಲು ಮೇಲಕ್ಕೆ ತೆರೆಯುತ್ತದೆ. ಅದರ ಅಂಚಿನ ರಬ್ಬರ್ ಸವೆದಿದ್ದರೆ ಅಗಲವಾದ ಹೊಸ್ತಿಲಿನ ಮೇಲೆ ನೀರಿನ ಗೆರೆ ಕಾಣುತ್ತದೆ. ಕಾರ್ಪೆಟ್ ಅಂಚು ಎತ್ತಿ ಮೂಸಿ ನೋಡಿ. ಸೀಟಿನ ಕೆಳಗಿನ ಹಳಿ, ಅದರ ಬೋಲ್ಟುಗಳ ಮೇಲೆ ಟಾರ್ಚ್ ಹಾಯಿಸಿ. ಅಲ್ಲಿ ತುಕ್ಕು ಅಥವಾ ಒಣಗಿದ ಕೆಸರು ಇದ್ದರೆ ಕಾರು ನೆರೆನೀರಿನಲ್ಲಿ ನಿಂತದ್ದಿರಬಹುದು. ಐ8ನಲ್ಲಿ ಬ್ಯಾಟರಿ ಇರುವುದೇ ಎರಡು ಸೀಟುಗಳ ನಡುವಿನ ತಗ್ಗಿನ ಸುರಂಗದಂಥ ಭಾಗದಲ್ಲಿ. ನೀರು ಒಳಗೆ ಬಂದ ಕಾರನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ ಮಾರಾಯ್ರೇ.

ಕಡಲ ಕರೆಯವರಿಗೆ ಒಂದು ಸಮಾಧಾನದ ವಿಷಯ ಉಂಟು. ಐ8ನ ಒಳಗೂಡು ಕಾರ್ಬನ್ ಫೈಬರಿನದ್ದು, ಉಪ್ಪು ಗಾಳಿಗೆ ತುಕ್ಕು ಹಿಡಿಯುವುದಿಲ್ಲ. ಆದರೆ ಬೋಲ್ಟು, ಬ್ರೇಕ್ ಡಿಸ್ಕ್, ವಯರಿನ ಕನೆಕ್ಟರ್ ಇವೆಲ್ಲ ಲೋಹವೇ. ಕಾರ್ಬನ್ ಫೈಬರ್ ಒಡೆದರೆ ತಗಡಿನ ಹಾಗೆ ಬಡಿದು ಸರಿ ಮಾಡಲೂ ಆಗುವುದಿಲ್ಲ. ನೆಲದಿಂದ ಈ ಕಾರಿನ ಹೊಟ್ಟೆಗೆ ಇರುವ ಎತ್ತರ 117 ಮಿ.ಮೀ. ಮಾತ್ರ. ನಿಯಮದ ಪ್ರಕಾರ ಹಂಪ್‌ನ ಎತ್ತರ 100 ಮಿ.ಮೀ. ನಮ್ಮ ಒಳರಸ್ತೆಯ ಹಂಪುಗಳು ಎಷ್ಟು ನಿಯಮ ಪಾಲಿಸುತ್ತವೆ ಎಂದು ನಿಮಗೇ ಗೊತ್ತು. ಕಾರನ್ನು ಲಿಫ್ಟ್‌ಗೆ ಏರಿಸಿ ಹೊಟ್ಟೆಯ ಭಾಗ ನೋಡದೆ ದುಡ್ಡು ಕೊಡಬೇಡಿ.

ಬ್ಯಾಟರಿ ಪರೀಕ್ಷೆಗೆ ಸರ್ವಿಸ್ ಸೆಂಟರಿನ ರಿಪೋರ್ಟ್ ಬೇಕೇ ಬೇಕು. ಅದರ ಜೊತೆ ನೀವೇ ಮಾಡಬಹುದಾದದ್ದೊಂದು ಇದೆ. ರಾತ್ರಿ ಪೂರ್ತಿ ಚಾರ್ಜ್ ಮಾಡಿಸಿ. ಬೆಳಿಗ್ಗೆ ಇಡ್ರೈವ್ ಮೋಡಿನಲ್ಲಿ, ಬರೀ ಕರೆಂಟಿನಲ್ಲಿ, ಮಣಿಪಾಲದಿಂದ ಮಲ್ಪೆಗೆ ಹೋಗಿ ಬನ್ನಿ. ಹೋಗಿ ಬರಲು ಇಪ್ಪತ್ತು ಕಿ.ಮೀ. ಚಿಲ್ಲರೆ. ಹೋಗುವಾಗ ಇಳಿಜಾರು, ಬರುವಾಗ ಇಂದ್ರಾಳಿಯಿಂದ ಮೇಲೆ ಏರು. ಮೊದಲ ಮಾದರಿಗೆ ಕಂಪನಿ ಹೇಳಿದ್ದು 37 ಕಿ.ಮೀ. ಊರಿನ ರಸ್ತೆಯಲ್ಲಿ ಎಸಿ ಹಾಕಿಕೊಂಡು ಅಷ್ಟು ಬರುವುದಿಲ್ಲ. ಆದರೆ ವಾಪಸ್ ಉಡುಪಿ ಪೇಟೆ ಮುಟ್ಟುವ ಮೊದಲೇ ಪೆಟ್ರೋಲ್ ಎಂಜಿನ್ ಎದ್ದರೆ ಬ್ಯಾಟರಿ ದಣಿದಿರಬಹುದು. ರಿಪೋರ್ಟ್ ಜೊತೆ ಅದನ್ನೂ ಇಟ್ಟುಕೊಂಡು ಬೆಲೆ ಮಾತಾಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದ ಟೈರು. ಟೈರಿನ ಬಟನ್ ಸವೆಯದೆ ಎಷ್ಟು ಚೆನ್ನಾಗಿದ್ದರೂ ಅದು ಹಳೆಯದೇ. ಈ ಕಾರಿನ 20 ಇಂಚಿನ ಸಪೂರ ಟೈರು ಎಲ್ಲಾ ಅಂಗಡಿಯಲ್ಲೂ ಸಿಗುವುದಿಲ್ಲ, ನಾಲ್ಕರ ಬೆಲೆಯನ್ನೂ ಕಳೆದು ಮಾತಾಡಿ.

ಹೊರರಾಜ್ಯದ ನಂಬರಿನ ಕಾರು ಕಡಿಮೆಗೆ ಸಿಗುತ್ತದೆ, ಪುದುಚೇರಿಯದ್ದಂತೂ ಇನ್ನೂ ಕಡಿಮೆ. ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಇಲ್ಲಿಯ ನಂಬರ್ ಮಾಡಿಸಬೇಕು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಕಾರಿಗೆ ವಯಸ್ಸು ಹೆಚ್ಚಾದಷ್ಟು ಈ ತೆರಿಗೆ ಕಡಿಮೆ, ಆದರೆ ಎರಡು ಕೋಟಿಯ ಕಾರಿಗೆ ಅದೂ ಸಣ್ಣ ಮೊತ್ತವಲ್ಲ. ಉಡುಪಿ ಆರ್‌ಟಿಒದಲ್ಲಿ ಮೊದಲೇ ಲೆಕ್ಕ ಹಾಕಿಸಿ, ಕಾರಿನ ಬೆಲೆಗೆ ಸೇರಿಸಿ, ಆಮೇಲೆ ಅದನ್ನು ಮಂಗಳೂರಿನ ಕೆಎ-19 ಅಥವಾ ಬೆಂಗಳೂರಿನ ಕೆಎ ನಂಬರಿನ ಕಾರಿನ ಜೊತೆ ಹೋಲಿಸಿ. ಹೆಚ್ಚಿನ ಸಲ ಕರ್ನಾಟಕದ ಕಾರೇ ಲಾಭ ಎಂದು ನನ್ನ ಅನಿಸಿಕೆ.

ನಿಮ್ಮ ಜಾಗದಲ್ಲಿ ನಾನಿದ್ದರೆ 2019 ಅಥವಾ 2020ರಲ್ಲಿ ನೋಂದಣಿಯಾದ, ವಾರಂಟಿ ಒಂದು ವರ್ಷವಾದರೂ ಉಳಿದಿರುವ ಕಾರನ್ನು ಹುಡುಕುತ್ತಿದ್ದೆ. ಆ ವರ್ಷದೊಳಗೆ ಬ್ಯಾಟರಿಯ ತೊಂದರೆ ಏನಿದ್ದರೂ ಹೊರಗೆ ಬರುವಂತೆ ಚೆನ್ನಾಗಿ ಓಡಿಸುತ್ತಿದ್ದೆ. ಅಂಥದ್ದು ಸಿಗದಿದ್ದರೆ, ಪೂರ್ತಿ ಸರ್ವಿಸ್ ದಾಖಲೆ ಇರುವ ಹಳೆ ಕಾರು, ಅದೂ ರಿಪೇರಿ ನಿಧಿಯನ್ನು ಬೆಲೆಯಿಂದ ಕಳೆದ ಮೇಲೆ. ಎರಡರಲ್ಲಿ ಯಾವುದೇ ತಗೊಂಡರೂ ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೆ ಮಾಲೀಕನ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಅವರ ಜೊತೆಗೇ ಹೋಗುತ್ತದೆ, ಆದ್ದರಿಂದ ಪ್ರೀಮಿಯಂ ಏರುತ್ತದೆ. ಮುಂಗಡ ಕೊಡುವ ಮೊದಲೇ ಆ ಮೊತ್ತವನ್ನು ವಿಮಾ ಕಂಪನಿಯಿಂದ ಕೇಳಿ ತಿಳಿದುಕೊಳ್ಳಿ.